ಡೇರೆಯಲ್ಲಿ ಉಳಿದ ಇಬ್ಬರು

ಚಂದ್ರಗುತ್ತಿಯ ಆಚೆಯ ಗುಡ್ಡ, ಸೊರಬ ತಾಲ್ಲೂಕು
ಭಾನುವಾರ, ೨೩ನೇ ಮಾರ್ಚಿ ೧೯೫೮

ಚಿ. ಸೌ. ಹುಚ್ಚಮ್ಮನಿಗೆ ನಿನ್ನ ಗಂಡ ಕಲ್ಲಪ್ಪನ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಕಾಗದ ಓದಿಸಲು ಮೇಷ್ಟ್ರ ಮನೆಗೆ ಓಡಬೇಡ. ನಾಲ್ಕನೇ ಕ್ಲಾಸಿನವರೆಗೆ ಕಲಿತವಳು ನೀನು, ಅಕ್ಷರ ಕೂಡಿಸಿಕೊಂಡು ನೀನೇ ಓದು. ನಿನ್ನ ಅವ್ವನ ಕಿವಿಗೆ ಈಗಲೇ ಬೀಳುವುದು ಬೇಡ.

ನಿನ್ನ ತಮ್ಮ ಜಟ್ಟಪ್ಪನಿಗೆ ಜ್ವರ ಬಂದು ವಾರ ಮೀರಿತು. ಕಣ್ಣು ಕೆಂಡವಾಗಿದೆ, ಸೊಂಟ ಮುರಿದವನ ಹಾಗೆ ನರಳುತ್ತಾನೆ, ನಿನ್ನೆಯಿಂದ ಮೂಗಿನಲ್ಲಿ ರಕ್ತ ಬರುತ್ತಿದೆ. ನಮ್ಮ ಸರ್ವೆ ಪಾರ್ಟಿ ಡೇರೆಗಳನ್ನು ಕಿತ್ತುಕೊಂಡು ಮುಂದಿನ ಗುಡ್ಡಕ್ಕೆ ಹೋಯಿತು. ನಡೆಯಲಾರದ ಅವನನ್ನೂ, ಅವನನ್ನು ನೋಡಿಕೊಳ್ಳಲು ನನ್ನನ್ನೂ ಒಂದು ಹರಕು ಡೇರೆಯಲ್ಲಿ ಬಿಟ್ಟು ಹೋದರು. ಕೆಳಗಿನಿಂದ ಆಳು ಕಳಿಸುತ್ತೇನೆ ಎಂದು ಸಾಹೇಬರು ಹೇಳಿದ್ದರು. ಬೆಳಗಾದರೆ ದಾರಿ ನೋಡುತ್ತೇನೆ. ಒಂದು ನರಪಿಳ್ಳೆಯೂ ಬಂದಿಲ್ಲ. ಯುಗಾದಿಗೆ ಊರಿಗೆ ಬರುತ್ತೇವೆ ಎಂದಿದ್ದೆವು, ಹಬ್ಬ ಯಾವಾಗ ಬಂದು ಯಾವಾಗ ಹೋಯಿತೋ ತಿಳಿಯಲಿಲ್ಲ. ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮೊಣಕಾಲ ಮೇಲಿಟ್ಟು ಬರೆದದ್ದಕ್ಕೆ, ಬೇರೇನೂ ಅಲ್ಲ.

ಹೊರಡುವಾಗ ನೀನು ಬಾಗಿಲಲ್ಲಿ ನಿಂತು, "ರೀ, ಅವನಿನ್ನೂ ಹುಡುಗಾಟದವ. ನಿಮ್ಮ ಕಣ್ಣಾಗ ಇರ್ಲಿ" ಎಂದಿದ್ದೆ. ಕಣ್ಣಲ್ಲೇ ಇಟ್ಟುಕೊಂಡಿದ್ದೆನಲ್ಲೇ ಮಾರಾಯ್ತಿ. ತರಗೆಲೆಯ ಮೇಲೆ ಕಂಬಳಿ ಹಾಸಿ ಇಬ್ಬರೂ ಒಂದೇ ಡೇರೆಯಲ್ಲಿ ಮಲಗುತ್ತಿದ್ದೆವು. ಒರತೆಯ ನೀರು ಹೊತ್ತದ್ದು ಒಟ್ಟಿಗೆ, ಮೂರು ಕಲ್ಲಿನ ಒಲೆ ಊದಿದ್ದು ಒಟ್ಟಿಗೆ. ಅವನು ತಟ್ಟಿದ ರೊಟ್ಟಿ ನೋಡಿ, ಇದೇನಪ್ಪಾ ಸೊರಬ ತಾಲ್ಲೂಕಿನ ನಕ್ಷೆಯಾ ಎಂದು ಸರ್ವೆಯ ಸರಪಳಿ ಹಿಡಿಯುವ ಖಲಾಸಿಗಳೆಲ್ಲ ನಗುತ್ತಿದ್ದರು. ಅವನೂ ನಗುತ್ತಿದ್ದ.

ಆ ಒರತೆಯ ಹತ್ತಿರ ಒಂದು ದಿನ ದೊಡ್ಡದೊಂದು ಮಂಗ ಸತ್ತು ಬಿದ್ದಿತ್ತು. ಉಳಿದವರು ದಾಟಿಕೊಂಡು ಹೋದರು. ನಿನ್ನ ತಮ್ಮನ ಭಕ್ತಿ ಗೊತ್ತಲ್ಲ, ಶನಿವಾರ ತಪ್ಪದೆ ಆಂಜನೇಯನಿಗೆ ಕಾಯಿ ಒಡೆಯುವವನು. ದೇವರನ್ನು ನರಿ ನಾಯಿಗೆ ಬಿಡುತ್ತಾರಾ ಎಂದು ಹೆಗಲ ಮೇಲೆ ಹೊತ್ತು ತಂದ. ಮೀಯಿಸಿ, ಕುಂಕುಮ ಇಟ್ಟು, ತನ್ನ ಹೊಸ ಟವಲು ಹೊದಿಸಿ ಮಣ್ಣು ಮಾಡಿದ. ನಿಮ್ಮಜ್ಜ ಸತ್ತಾಗಲೂ ನೀನು ಇಷ್ಟು ಅತ್ತಿರಲಿಲ್ಲವಲ್ಲೋ ಎಂದು ನಾನು ಚೇಷ್ಟೆ ಮಾಡಿದೆ. ಅವನ ಕೊರಳಿಗೆ, ಕಂಕುಳಿಗೆ ಹತ್ತಿದ್ದ ಉಣುಗುಗಳನ್ನು ಆ ಸಂಜೆ ನಾನೇ ಕಿತ್ತೆ. ಕಾಡಿಗೆ ಹೋದವನಿಗೆ ಈ ರಕ್ತ ಹೀರುವ ಹುಳ ಹತ್ತುವುದು ಹೊಸದೇನಲ್ಲ, ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಆಮೇಲೆ ಒಬ್ಬ ಡಾಕ್ಟರು ಜೀಪಿನಲ್ಲಿ ಕೆಳಗಿನ ಹಳ್ಳಿಗೆ ಬಂದು ಹೇಳಿ ಹೋದರಂತೆ. ಮಂಗಗಳು ಸಾಯುತ್ತಿರುವ ಕಾಡಿನಲ್ಲಿ ಮನುಷ್ಯರಿಗೂ ಜ್ವರ ಬರುತ್ತಿದೆ, ಆ ಮಂಗಗಳ ಮೈಯ ಉಣುಗು ಕಚ್ಚಿದರೆ ಬರುತ್ತದೆ, ಯಾರೂ ಮುಟ್ಟಬೇಡಿ ಎಂದು. ಮನುಷ್ಯರಿಂದ ಮನುಷ್ಯರಿಗೆ ಹತ್ತುವುದಿಲ್ಲ ಎಂದೂ ಹೇಳಿದರಂತೆ. ಹಳ್ಳಿಯವರು ಮೊದಲಿನ ಮಾತು ನಂಬಿದರು, ಕೊನೆಯದನ್ನು ನಂಬಲಿಲ್ಲ. ಹಾಲು ತರುವ ಹೂವಮ್ಮ ಅರ್ಧ ಗುಡ್ಡದ ಬಂಡೆಯ ಮೇಲೆ ಚೊಂಬು ಇಟ್ಟು ದೂರ ಸರಿದು ನಿಲ್ಲುತ್ತಾಳೆ. "ಅಣ್ಣಾ, ಬೈಬ್ಯಾಡ ಮಾರಾಯಾ. ಮನೇಲಿ ಸಣ್ಣ ಮಕ್ಕಳಾವೆ" ಎಂದು ಅವಳೇ ಅಳುತ್ತಾಳೆ. ಬೈಯಲು ನನಗೆ ಬಾಯಾದರೂ ಎಲ್ಲಿದೆ? ಅಷ್ಟು ದೂರ ಬರುವವಳೂ ಅವಳೊಬ್ಬಳೇ.

ಪಾರ್ಟಿ ಹೋದ ಮಾರನೆಯ ದಿನ ನಮ್ಮ ಡೇರೆಯ ಹಗ್ಗದ ಪಕ್ಕದಲ್ಲೇ ಇನ್ನೊಂದು ಬಿತ್ತು. ಹೆಣ್ಣು ಮಂಗ. ಎದೆಗೆ ಮರಿ ಕಚ್ಚಿಕೊಂಡಿತ್ತು, ಅದೂ ಸತ್ತಿತ್ತು. ಜಟ್ಟಪ್ಪ ಮಲಗಿದಲ್ಲಿಂದಲೇ ನೋಡಿಬಿಟ್ಟ. "ಭಾವ, ಮೊದಲನೇದಕ್ಕೆ ಮೂರನೇ ದಿನ ಹಾಲು ತುಪ್ಪ ಬಿಡ್ಲಿಲ್ಲ, ಅದಕ್ಕೇ ನಂಗೆ ಹಿಂಗಾತು. ಇದನ್ನಾದ್ರೂ ಸರಿಯಾಗಿ ಮಣ್ಣು ಮಾಡ್ರಿ. ನಾ ಎದ್ದು ಕುಂದರ್ತೀನಿ" ಎಂದು ನನ್ನ ಕಾಲು ಹಿಡಿದುಕೊಂಡ. ಅತ್ತ ದರಿ, ಇತ್ತ ಪುಲಿ. ಡಾಕ್ಟರ ಮಾತು ಒಂದು ಕಿವಿಯಲ್ಲಿ, ನಿನ್ನ ತಮ್ಮನ ಅಳು ಇನ್ನೊಂದು ಕಿವಿಯಲ್ಲಿ. ಕೈ ಮುಗಿಯುವುದಕ್ಕೂ ಸೋಮಾರಿತನ ಮಾಡುವ ನಾನು, ಸಂಕಟ ಬಂದಾಗ ವೆಂಕಟರಮಣ ಅನ್ನುವ ಹಾಗೆ, ತಾಯಿ ಮರಿ ಎರಡನ್ನೂ ಎತ್ತಿ ಮೀಯಿಸಿ ಮಣ್ಣು ಮಾಡಿದೆ. ಮೂರನೆಯ ದಿನ ಹೂವಮ್ಮನ ಹಾಲನ್ನು ಅದರ ಮೇಲೆ ಬಿಟ್ಟೆ. ಅವನು ನೋಡಿ ನಕ್ಕ, ಅರ್ಧ ಲೋಟ ಗಂಜಿ ಕುಡಿದು ನಿದ್ದೆ ಹೋದ. ಗೆದ್ದೆ ಎಂದುಕೊಂಡೆ. ಬೆಳಗ್ಗೆ ಮೈ ಮುಟ್ಟಿದರೆ ಕಾದ ಹಂಚು.

ಹೊತ್ತುಕೊಂಡು ಇಳಿಯಲೂ ನೋಡಿದೆ ಹುಚ್ಚಮ್ಮ. ಚಿಕ್ಕಂದಿನಿಂದ ನೀನು ಅವನಿಗೆ ತಿನ್ನಿಸಿದ ಬೆಣ್ಣೆಯೆಲ್ಲ ನನ್ನ ಬೆನ್ನ ಮೇಲೆ ಕೂತಿತ್ತು. ಹೂವಮ್ಮನ ಬಂಡೆಯವರೆಗೂ ತಲುಪಲಿಲ್ಲ, ಇಬ್ಬರೂ ಜಾರಿ ಬಿದ್ದೆವು. ಅವನನ್ನು ಮತ್ತೆ ಡೇರೆಗೆ ಎಳೆದು ತರುವಷ್ಟರಲ್ಲಿ ಸಂಜೆಯಾಯಿತು. ಬಿಟ್ಟು ನಾನೊಬ್ಬನೇ ಓಡಿ ಹೋಗಿ ಜನ ಕರೆತರೋಣವೆಂದರೆ, ನಾನು ಡೇರೆಯ ಬಾಗಿಲು ದಾಟಿದರೂ ಅವನು ಕೂಗಿಕೊಳ್ಳುತ್ತಾನೆ. ಎದ್ದು ನಡೆಯಲು ಹೋಗಿ ಪ್ರಪಾತಕ್ಕೆ ಬಿದ್ದಾನೆಂಬ ಭಯ. ಜ್ವರ ಏರಿದಾಗ ಅಕ್ಕಾ ಅಕ್ಕಾ ಎಂದು ನಿನ್ನನ್ನೇ ಕರೆಯುತ್ತಾನೆ. ಅವನಿಗೇನಾದರೂ ಆದರೆ ನಾನು ಯಾವ ಮುಖ ಹೊತ್ತು ಅಂಜನಾಪುರಕ್ಕೆ ಬರಲಿ? ನಿನ್ನ ಎದುರು ಕೂತು ಹೇಗೆ ಉಣ್ಣಲಿ?

ಈಗ ನೀನು ಮಾಡಬೇಕಾದದ್ದು ಕೇಳು. ಕಾಗದ ಕೈಗೆ ಸಿಕ್ಕ ಗಳಿಗೆಯಲ್ಲೇ ರಾಜಪ್ಪ ಮಾವನ ಹತ್ತಿರ ಹೋಗು. ಅಕ್ಕನ ಮಗನನ್ನು ಕೈಬಿಡುವವರಲ್ಲ ಅವರು. ಹೊರಲು ಗಟ್ಟಿ ಆಳು ನಾಲ್ಕು ಜನ ಬೇಕು, ಕಂಬಳಿಯಲ್ಲಿ ಜೋಲಿ ಕಟ್ಟಿ ಗಳಕ್ಕೆ ಹಾಕಿ ಇಳಿಸಬೇಕು. ಶಿಕಾರಿಪುರದಿಂದ ಮೊದಲ ಬಸ್ಸಿಗೆ ಸೊರಬಕ್ಕೆ ಬಂದು, ಚಂದ್ರಗುತ್ತಿ ದಾಟಿ, ಹಾಲಿನ ಹೂವಮ್ಮನ ಮನೆ ಕೇಳಲಿ, ಅವಳು ದಾರಿ ತೋರಿಸುತ್ತಾಳೆ. ಮನುಷ್ಯರಿಂದ ಹತ್ತುವುದಿಲ್ಲ ಎಂದು ಡಾಕ್ಟರೇ ಹೇಳಿದ್ದನ್ನು ಬರುವವರಿಗೆ ಒತ್ತಿ ಹೇಳು. ಕಾಡಿನಲ್ಲಿ ಸತ್ತ ಮಂಗ ಕಂಡರೆ ದೂರದಿಂದಲೇ ಕೈ ಮುಗಿದು ಬರಲಿ, ಯಾರೂ ಮುಟ್ಟುವುದು ಬೇಡ. ನೀನು ಮಾತ್ರ ಬರಕೂಡದು. ನಿನ್ನ ಸ್ವಭಾವ ನನಗೆ ಗೊತ್ತು, ಕಾಗದ ಓದಿ ಮುಗಿಸುವ ಮೊದಲೇ ಸೆರಗು ಸಿಕ್ಕಿಸಿ ನಿಂತಿರುತ್ತೀ. ಕೂತುಕೋ.

ಹಾಲಿಗೆ ಹೋಗುವ ಹಾಗೆಯೇ, ಅವನ ಕಣ್ಣು ಹತ್ತಿದಾಗ ಇಳಿದು ಕಾಗದವನ್ನು ಬಂಡೆಯ ಮೇಲೆ ಇಡುತ್ತೇನೆ. ಹೂವಮ್ಮ ಅದನ್ನು ಮುತ್ತುಗದ ಎಲೆಯಲ್ಲಿ ಹಿಡಿದು ಒಯ್ದು, ಶಿಕಾರಿಪುರದ ಬಸ್ಸಿನವರ ಕೈಗೆ ಕೊಡಿಸುತ್ತೇನೆ ಎಂದಿದ್ದಾಳೆ. ದೇವರು ಅವಳ ಮಕ್ಕಳನ್ನು ಚೆನ್ನಾಗಿ ಇಟ್ಟಿರಲಿ.

ಗುಡ್ಡದ ದಾರಿ ನೋಡುತ್ತ ಕೂತಿರುವ
ನಿನ್ನ ಗಂಡ
ಕಲ್ಲಪ್ಪ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನನಗೇನೂ ಆಗಿಲ್ಲ ಎಂದು ಬರೆದದ್ದು ಸುಳ್ಳು. ನಿನ್ನೆ ಮಧ್ಯಾಹ್ನದಿಂದ ನನಗೂ ತಲೆ ಸಿಡಿಯುತ್ತಿದೆ, ಚಳಿಗೆ ಕೈಯಲ್ಲಿ ಪೆನ್ಸಿಲ್ಲು ನಿಲ್ಲುತ್ತಿಲ್ಲ. ಹೊರಲು ನಾಲ್ಕು ಜನ ಸಾಲದು, ಎಂಟು ಜನ ಬರಲಿ. ಅಷ್ಟು ಜನ ಸಿಗದಿದ್ದರೆ, ಇಬ್ಬರಲ್ಲಿ ಮೊದಲು ಯಾರನ್ನು ಇಳಿಸಬೇಕು ಎಂದು ರಾಜಪ್ಪ ಮಾವ ನಿನ್ನನ್ನು ಕೇಳಬಹುದು. ನೀನು ಏನೂ ಹೇಳಬೇಡ. ಅದನ್ನು ನಾನೇ ಇಲ್ಲಿ ಅವರಿಗೆ ಹೇಳುತ್ತೇನೆ.