ಕೋವಿಗೆ ಹುಷಾರಿಲ್ಲ

ಹೂಸ್ಟನ್
ಮಂಗಳವಾರ, ೨೩ ಅಕ್ಟೋಬರ್ ೧೯೭೩

ಮಗಳು ಪೂವಿಗೆ,

ನಿನ್ನ ಅವ್ವನ ಆಶೀರ್ವಾದ. ಇಗ್ಗುತ್ತಪ್ಪ ನಿನ್ನನ್ನೂ ಮಗುವನ್ನೂ ಅರವಿಂದನನ್ನೂ ಕಾಪಾಡಲಿ. ನಾವೆಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಚೆನ್ನಾಗಿದ್ದೇನೆ, ನಿನ್ನಪ್ಪ ಚೆನ್ನಾಗಿದ್ದಾರೆ, ಕೋವಿಗೆ ಹುಷಾರಿಲ್ಲ. ಒಂದು ತಿಂಗಳಿಂದ ಈ ಮನೆಯಲ್ಲಿ ಅದರದ್ದೇ ಬಾಣಂತನ.

ನಾಳಿದ್ದಿಗೆ ಮಗುವಿಗೆ ಐದು ವಾರ. ಫೋನಿನಲ್ಲಿ ಪ್ರತಿ ಸಲ ನೀನು ಕೇಳುವುದು ಒಂದೇ, ಅಪ್ಪ ಯಾವಾಗ ಮಗು ನೋಡಲು ಬರುತ್ತಾರೆ ಎಂದು. ಅವರು ಪಕ್ಕದಲ್ಲೇ ಪೇಪರು ಅಡ್ಡ ಹಿಡಿದು ಕೂತಿರುತ್ತಾರೆ. ನಾನು ಹವಾ ಹೇಗಿದೆ ಎಂದು ಕೇಳಿ ಫೋನ್ ಇಡುತ್ತೇನೆ. ನಿನಗೆ ಅದರಿಂದ ಬೇಜಾರಾಗಿದೆ ಎಂದು ಗೊತ್ತು. ಅದಕ್ಕೇ ಈ ಕಾಗದ.

ಎರಡು ವರ್ಷದ ಹಿಂದೆ ನೀನು ಆಸ್ಟಿನ್ ಕೋರ್ಟಿನಲ್ಲಿ ಸಹಿ ಹಾಕಿ ಮದುವೆಯಾಗಿ ಆಮೇಲೆ ನಮಗೆ ತಿಳಿಸಿದೆಯಲ್ಲ, ಅದೂ ತಪ್ಪೇ, ಈಗಲೂ ಹೇಳುತ್ತೇನೆ. ಆದರೆ ಇವರು ಆಡಿದ ಮಾತು? ಕೋವಿ ಮುಟ್ಟದ, ಒಂದು ತುಂಡು ಮಾಂಸ ತಿನ್ನದ ಮೈಸೂರು ಹುಡುಗನ ಹೊಸ್ತಿಲು ತುಳಿಯುವುದಿಲ್ಲ ಅಂದರು. ಕೊಡವರು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಯಾರು ಹೇಳಿದರೋ. ನನ್ನ ಅಪ್ಪ ದಿನಕ್ಕೆ ಮೂರು ಸಲ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು, ಅವರೂ ಕೊಡವರೇ.

ಅಂಥವರಿಗೆ ಈ ಜುಲೈಯಲ್ಲಿ, ನಿನಗೆ ಏಳು ತಿಂಗಳು ತುಂಬಿದಾಗ, ಇದ್ದಕ್ಕಿದ್ದಂತೆ ಒಂದು ಕೋವಿ ಬೇಕಾಯಿತು. ಯಾಕೆ ಎಂದೆ. ಜಿಂಕೆ ಬೇಟೆಗೆ ಅಂದರು. ಈ ದೇಶಕ್ಕೆ ಬಂದು ಆರು ವರ್ಷವಾಯಿತು, ಒಂದು ದಿನ ಜಿಂಕೆಯ ಹೆಸರೆತ್ತಿದವರಲ್ಲ. ಡಾಲಸ್‌ನಲ್ಲಿ ಡಾಕ್ಟರುಗಳ ಸಭೆ ಇತ್ತು. ಸಭೆ ಬಿಟ್ಟು, ನನ್ನನ್ನೂ ಎಳೆದುಕೊಂಡು, ಕೋವಿ ಅಂಗಡಿಗಳನ್ನು ದೇವಸ್ಥಾನ ಸುತ್ತಿದ ಹಾಗೆ ಸುತ್ತಿದರು. ಒಂದು ಕಡೆ ಅಕ್ರೋಟು ಮರದ ಹಿಡಿ, ಅದರ ಮೇಲೆ ಎಲೆ ಬಳ್ಳಿ ಕೆತ್ತನೆ, ಮದುಮಗಳ ಹಾಗಿತ್ತು. ಅದಕ್ಕೆ ಎರಡು ಟ್ರಿಗರ್. ಹಿಂದಿನದನ್ನು ಎಳೆದರೆ ಮುಂದಿನದು ಹಗುರಾಗುತ್ತದಂತೆ. ಒಂದು ಗುಂಡು ಹೋಗಲು ಎರಡು ಟ್ರಿಗರ್ ಯಾಕೆ ಎಂದು ಕೇಳಿದೆ. ಮಾರುವವನು ನಕ್ಕ. ನಿನ್ನಪ್ಪ ನಗಲಿಲ್ಲ.

ಕಡೆಗೆ ಬುದ್ಧಿ ಹೇಳಿದವನು ಪಕ್ಕದ ಮನೆಯ ಕ್ಲೈಡ್. ರೈಲ್ವೆಯಲ್ಲಿದ್ದು ರಿಟೈರ್ ಆದವನು, ನಲವತ್ತು ವರ್ಷ ಬೇಟೆಯಾಡಿದ್ದಾನೆ. ಇಲ್ಲಿನ ಜಿಂಕೆ ದೊಡ್ಡ ನಾಯಿಯಷ್ಟಿರುತ್ತದೆ ಡಾಕ್, ಅದಕ್ಕೆ ಫಿರಂಗಿ ಬೇಡ, ಭುಜಕ್ಕೆ ಒದೆಯದ ಸಣ್ಣ ಕ್ಯಾಲಿಬರಿನ ಬೋಲ್ಟ್ ರೈಫಲ್ ಸಾಕು, ಕೆಟಲಾಗ್ ಅಂಗಡಿಯಲ್ಲಿ ಸಿಗುವಂಥದ್ದು, ಉಳಿದ ದುಡ್ಡಿಗೆ ತೋಟಾ ತಗೊಂಡು ಅಭ್ಯಾಸ ಮಾಡು ಅಂದ. ಹಾಗೇ ತಂದರು. ಹಿಡಿ ಯಾವುದೋ ಬಿಳಿ ಮರದ್ದು, ಅಕ್ರೋಟಿನ ಬಣ್ಣ ಬಳಿದಿದ್ದಾರೆ. ಆದರೂ ಒಳ್ಳೆಯ ಕೋವಿ. ಆಗಸ್ಟಿನಲ್ಲಿ ಕ್ಲೈಡ್ ಜೊತೆ ಹೋಗಿ ಇಪ್ಪತ್ತು ಗುಂಡು ಹೊಡೆದು ಗುರಿಯ ಕಾಗದ ತಂದು ತೋರಿಸಿದರು. ಎಲ್ಲ ತೂತೂ ನನ್ನ ಅಂಗೈಯಗಲದೊಳಗೆ. ಟ್ರಿಗರ್ ಬೆಣ್ಣೆ ಕಣೇ ಬೆಣ್ಣೆ ಎಂದು ಎರಡು ಸಲ ಹೇಳಿದರು. ಇದನ್ನು ನೆನಪಿಟ್ಟುಕೋ.

ಸೆಪ್ಟೆಂಬರ್ ಮೂರಕ್ಕೆ ಕೈಲ್ ಪೊಳ್ದ್. ನಮ್ಮವರ ಆಯುಧ ಪೂಜೆಯ ದಿನ ಕೋವಿಯಿಲ್ಲದ ಮನೆಯಾಗಿತ್ತು ನಮ್ಮದು. ಆರು ವರ್ಷ ನಾನು ತರಕಾರಿ ಚಾಕುವಿಗೂ ಅವರ ಆಪರೇಷನ್ ಕತ್ತರಿಗೂ ಹೂವಿಟ್ಟು ಕೈಮುಗಿದಿದ್ದೆ. ಈ ಸಲ ಕೋವಿ ಇತ್ತು. ಮನಸ್ಸು ತುಂಬಿ ಮಾಡಿದೆ. ಕೋವಿಗೆ ಮುಡಿಸುವ ತೋಕ್ ಪೂ ಇಲ್ಲೆಲ್ಲಿ ಬರಬೇಕು, ಹಿತ್ತಲಿನ ಕೆಂಪು ದಾಸವಾಳ ಇಟ್ಟೆ. ಗಂಧ ತೇದು, ಕುಂಕುಮ ಇಟ್ಟು, ಊರಿಂದ ತಂದ ಕಾವೇರಿ ತೀರ್ಥ ಹಾಕಿ ದೀಪ ಹಚ್ಚಿದೆ. ಅವರೂ ತಲೆಗೆ ನೀರು ಹಾಕಿಕೊಂಡು ಬಂದು ನಿಂತರು. ಕಡಂಬಿಟ್ಟು ಹಂದಿಸಾರು ಉಂಡೆವು. ಆ ದಿನ ಇಬ್ಬರೂ ಜಗಳವಾಡಲಿಲ್ಲ.

ಇಪ್ಪತ್ತನೇ ತಾರೀಕು ನಾನು ನಿನ್ನ ಆಸ್ಪತ್ರೆಯಿಂದ ಫೋನ್ ಮಾಡಿ ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂದೆ. ಸರಿ ಎಂದು ಇಟ್ಟುಬಿಟ್ಟರು. ಅಷ್ಟೇ. ನಿನಗೆ ಆಗ ನಾನು ಏನೇನೋ ಕಟ್ಟಿ ಹೇಳಿದೆ, ಅಪ್ಪ ಎರಡೆರಡು ಸಲ ಮಗುವಿನ ತೂಕ ಕೇಳಿದರು ಎಂದೆಲ್ಲ. ಒಳಗೆ ನನಗೆ ಬೆಂಕಿ ಹತ್ತಿತ್ತು. ಇಪ್ಪತ್ತು ದಿನ ನಿನ್ನ ಬಾಣಂತನ ಮಾಡುತ್ತಾ ಅವರನ್ನು ಮನಸ್ಸಿನಲ್ಲೇ ಬೈದೆ.

ವಾಪಸು ಬಂದ ಮೇಲೆ ಕ್ಲೈಡನ ಹೆಂಡತಿ ವಿಲ್ಮಾ ಬೇಲಿಯ ಹತ್ತಿರ ನಿಂತು ಹೇಳಿದ್ದು ಕೇಳು. ಮಗು ಹುಟ್ಟಿದ ವಾರದ ಶನಿವಾರ ಇವರು ಕ್ಲೈಡನನ್ನು ಎಬ್ಬಿಸಿಕೊಂಡು, ನಿಮ್ಮ ಆಸ್ಟಿನ್ ಪಕ್ಕದ ಟೇಲರ್ ಊರಿನ ಹತ್ತಿರ ಅವನ ಅಣ್ಣನ ಹತ್ತಿ ಹೊಲಕ್ಕೆ ಹೋಗಿದ್ದರಂತೆ. ಅಭ್ಯಾಸಕ್ಕೆ ಅಂದರಂತೆ. ಮೈಮೇಲೆ ಕೋಟು, ಟೈ. ಜೇಬಿನಲ್ಲಿ ಒಂದೇ ಒಂದು ತೋಟಾ. ಮಣ್ಣಿನ ದಿಬ್ಬಕ್ಕೆ ಕೋವಿ ಹಿಡಿದು ಎಳೆದರೆ ಟ್ರಿಗರ್ ಜಪ್ಪಯ್ಯ ಅನ್ನಲಿಲ್ಲವಂತೆ. ಕ್ಲೈಡ್ ತನ್ನ ಕೋವಿ ಕೊಡಲು ಹೋದ. ಬೇಡ, ಇದು ಬೇರೆಯವರ ಕೋವಿಯಲ್ಲಿ ಆಗುವ ಕೆಲಸವಲ್ಲ ಅಂದು ತೋಟಾ ಜೇಬಿಗೆ ಹಾಕಿಕೊಂಡು ವಾಪಸು ಬಂದರಂತೆ.

ಅಭ್ಯಾಸಕ್ಕೆ ಒಂದೇ ತೋಟಾ ಯಾಕೆ, ನಿನ್ನ ಗಂಡನಿಗೆ ಸ್ವಲ್ಪ ತಲೆ ಸರಿ ಇದೆಯಾ ಎಂದು ವಿಲ್ಮಾ ಕೇಳಿದಳು. ಅವಳಿಗೇನು ಗೊತ್ತು. ನಿನಗೆ ಗೊತ್ತು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಹೋದರೆ ಎರಡು. ಹೆಣ್ಣು ಹುಟ್ಟಿದ್ದಕ್ಕೆ ಗುಂಡು ಹಾರಿದ್ದನ್ನು ನನ್ನ ಐವತ್ತು ವರ್ಷದಲ್ಲಿ ನಾನು ಕೇಳಿಲ್ಲ. ನೀನು ಹುಟ್ಟಿದಾಗಲೂ ಹಾರಲಿಲ್ಲ ಪೂವಿ. ನಿನ್ನ ಅಜ್ಜ ಕೋವಿಯನ್ನು ಗೋಡೆಯಿಂದ ಇಳಿಸಲಿಲ್ಲ. ನಿನ್ನಪ್ಪ ಆ ಗೋಡೆಯನ್ನೇ ನೋಡುತ್ತಾ ಜಗಲಿಯಲ್ಲಿ ಕೂತಿದ್ದರು.

ಈಗ ತಿಳಿಯಿತಾ, ಜಿಂಕೆ ಯಾವುದೆಂದು? ಮನೆಯ ಕೋವಿ ಸದ್ದು ಮಾಡದೆ ಮೊಮ್ಮಗಳ ಮುಖ ಹೇಗೆ ನೋಡಲಿ ಎಂದು ಇವರ ಲೆಕ್ಕ. ಬಾಯಿಬಿಟ್ಟು ಹೇಳುತ್ತಾರಾ? ಇಲ್ಲ. ಟ್ರಿಗರ್ ಸರಿಯಿಲ್ಲ ಅನ್ನುತ್ತಾರೆ.

ನನಗೆ ಸಾಕಾಗಿ ಹೋಗಿದೆ. ಬೆಳಿಗ್ಗೆ ಕಾಫಿಗೆ ಟ್ರಿಗರ್, ರಾತ್ರಿ ಊಟಕ್ಕೆ ಟ್ರಿಗರ್. ಅಗ್ಗದ ಕೋವಿಯ ಟ್ರಿಗರ್ ಇಷ್ಟೇ, ಬೇರೆ ಹಾಕಿಸಬೇಕು ಅಂತ ಮೂರು ಪತ್ರಿಕೆ ತರಿಸಿ ಅಡಿಗೆರೆ ಎಳೆದು ಓದುತ್ತಾರೆ. ಎಳೆತ ಮೂರು ಪೌಂಡ್ ಇರಬೇಕಂತೆ. ಹೊಸ ಟ್ರಿಗರಿಗೆ ಕೋವಿಯ ಅರ್ಧ ಬೆಲೆ. ಕತ್ತೆಗೆ ಬೆಳ್ಳಿ ಲಾಳ ಹೊಡೆಸಿದ ಹಾಗಾಗುತ್ತದೆ ಅಂದೆ. ಕ್ಲೈಡೂ ಅದನ್ನೇ ಹೇಳಿದ. ದೂರದ ಗುರಿಗೆ ಪಂದ್ಯ ಕಟ್ಟುವವರಿಗೆ ಹಗುರ ಟ್ರಿಗರ್ ಬೇಕು, ನೂರು ಗಜದ ಜಿಂಕೆಗೆ ಬೇಡ, ಚಳಿಯಲ್ಲಿ ಕೈಗವಸು ಹಾಕಿದ ಬೆರಳಿಗೆ ತೀರಾ ಹಗುರಾದರೆ ಅದೇ ಅಪಾಯ ಅಂದ. ಬಿಗಿ ಟ್ರಿಗರ್ ಗುರಿ ತಪ್ಪಿಸುತ್ತದೆ ಎಂಬುದು ನಿಜ. ನನಗೂ ಗೊತ್ತು, ಹದಿನಾರಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆದವಳು ನಾನು. ಅಪ್ಪನ ಕೋವಿ ಎಳೆಯಲು ಎರಡು ಬೆರಳು ಬೇಕಿತ್ತು, ಕಾಯಿ ಬಿತ್ತು. ಆದರೆ ಇವರು ಹೊಡೆಯಬೇಕಾದ್ದು ಮಣ್ಣಿನ ದಿಬ್ಬಕ್ಕೆ! ದಿಬ್ಬ ಓಡಿಹೋಗುತ್ತದಾ?

ಹೋದ ಬುಧವಾರ ಕಾವೇರಿ ಸಂಕ್ರಮಣ. ನಾನು ತೆಂಗಿನಕಾಯಿಗೆ ಕೆಂಪು ವಸ್ತ್ರ ಸುತ್ತಿ ಬಳೆ ತೊಡಿಸಿ ಕಾವೇರಮ್ಮನೆಂದು ಕಣಿ ಪೂಜೆಗೆ ಇಡುತ್ತಿದ್ದೇನೆ, ಹಿಂದಿನಿಂದ ದಬ್ ಅಂತ ಸದ್ದು. ನೋಡಿದರೆ, ಎಳೆತ ಎಷ್ಟು ಪೌಂಡಿದೆ ಎಂದು ತಿಳಿಯಲು ನನ್ನ ಐದು ಪೌಂಡಿನ ಸಕ್ಕರೆ ಚೀಲವನ್ನು ದಾರ ಕಟ್ಟಿ ಟ್ರಿಗರಿಗೆ ನೇತುಹಾಕಿದ್ದಾರೆ. ಟ್ರಿಗರ್ ಬೀಳಲಿಲ್ಲ, ಚೀಲ ಹರಿಯಿತು. ಕಾರ್ಪೆಟ್ ತುಂಬ ಸಕ್ಕರೆ. ನೋಡು, ಐದಕ್ಕಿಂತ ಹೆಚ್ಚಿದೆ, ನಾನು ಹೇಳಲಿಲ್ಲವಾ ಎಂದು ಗೆದ್ದವರ ಹಾಗೆ ಹೇಳಿದರು. ನೂರಾರು ಹೊಟ್ಟೆ ಕೊಯ್ದು ಹೊಲಿದ ಕೈ ಅದು. ಗುಡಿಸಿದವಳು ನಾನು.

ಮುಖ್ಯ ವಿಷಯ ಈಗ ಕೇಳು. ನಿಮ್ಮ ಆಸ್ಟಿನ್‌ನಲ್ಲಿ ಒಬ್ಬ ಕೋವಿ ರಿಪೇರಿಯವನಿದ್ದಾನೆ, ಟ್ರಿಗರ್ ಕೆಲಸದಲ್ಲಿ ಹೆಸರಾದವನು ಎಂದು ಕ್ಲೈಡ್ ಹೇಳಿದ. ಹೂಸ್ಟನ್ನಿನಲ್ಲೂ ಹತ್ತು ಜನ ಇದ್ದಾರೆ, ಆದರೆ ನಾನು ಆಸ್ಟಿನ್ನಿನವನೇ ಸರಿ ಎಂದು ಹಟ ಹಿಡಿದೆ. ಶನಿವಾರ ಬರುತ್ತೇವೆ. ಅಲ್ಲಿಯವರೆಗೆ ಹೋದ ಮೇಲೆ ನಿನಗೆ ಶುಂಠಿ ಲೇಹ್ಯ ಕೊಟ್ಟುಬಿಡುತ್ತೇನೆ ಅಂದೆ. ಕೊಡು, ನಾನು ಕಾರಿನಲ್ಲೇ ಕೂತಿರುತ್ತೇನೆ, ಹೊಸ್ತಿಲು ತುಳಿಯುವುದಿಲ್ಲ ಅಂದರು. ಕೂರಲಿ. ಕಾರಿಗೆ ಹೊಸ್ತಿಲಿಲ್ಲ. ಮಗುವನ್ನು ಎತ್ತಿಕೊಂಡು ನೀನೇ ಕೆಳಗೆ ಬಂದು ಅವರ ತೊಡೆಯ ಮೇಲೆ ಮಲಗಿಸು, ಏನೂ ಮಾತಾಡಬೇಡ. ಹಳೆಯದನ್ನು ತೆಗೆಯಬೇಡ. ಅತ್ತರೆ ಅವರು ಅಳಲಿ.

ಕಷಾಯ ತಪ್ಪಿಸಬೇಡ. ತಲೆಗೆ ಬಟ್ಟೆ ಕಟ್ಟಿಕೋ. ಅರವಿಂದನ ಸಾರಿಗೆ ಮೆಣಸು ಸಾಲದು, ಹೇಳು.

ಬೈದು ಬೈದು ಸುಸ್ತಾದ ನಿನ್ನ ಅವ್ವ,
ದೇಚಮ್ಮ

ಮರುಬರಹ: ಇದನ್ನು ಅರವಿಂದನಿಗೆ ಓದಿ ಹೇಳಿ ಕಾಗದ ಸುಟ್ಟುಬಿಡು. ಆ ಟ್ರಿಗರಿಗೆ ಏನೂ ಆಗಿಲ್ಲ. ಸಕ್ಕರೆ ಗುಡಿಸಿ ಕೋವಿ ಒರೆಸುವಾಗ ಟ್ರಿಗರಿನ ಸಂದಿಯಿಂದ ಒಣಗಿದ ಗಂಧದ ಚಕ್ಕೆ ಉದುರಿತು, ಕುಂಕುಮದ ಸಮೇತ. ಕೈಲ್ ಪೊಳ್ದಿನ ದಿನ ಭಕ್ತಿ ಹೆಚ್ಚಾಗಿ ನಾನೇ ಮೆತ್ತಿದ್ದು, ಮೇಲಿಂದ ತೀರ್ಥ ಬೇರೆ ಸುರಿದಿದ್ದೆ. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಐದು ನಿಮಿಷದಲ್ಲಿ ತೊಳೆದು, ಒಬ್ಬರೇ ಟೇಲರಿಗೆ ಹೋಗಿ ಹೊಡೆದು, ಒಬ್ಬರೇ ಬಂದು ಪೇಪರು ಹಿಡಿದು ಕೂರುತ್ತಿದ್ದರು. ರಿಪೇರಿ ಅಂಗಡಿ ಶನಿವಾರ ಹನ್ನೆರಡಕ್ಕೆ ಮುಚ್ಚುತ್ತದೆ. ಆ ದಿನ ನನ್ನ ಪೂಜೆ ಉದ್ದವಾಗುತ್ತದೆ, ನಾವು ಒಂದು ಗಂಟೆಗೆ ಮುಂಚೆ ಬರುವುದಿಲ್ಲ. ಕೋವಿಯಲ್ಲಿ ತೋಟಾ ಇಲ್ಲವೆಂದು ನಾನೇ ನೋಡಿ ತರುತ್ತೇನೆ. ಯೂನಿವರ್ಸಿಟಿಯಲ್ಲಿ ಅಷ್ಟು ದೊಡ್ಡ ಮೆಷಿನು ಬಿಚ್ಚಿ ಜೋಡಿಸುವ ಅರವಿಂದ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ ಹಿಡಿದುಕೊಂಡು ಕಾರಿನ ಹತ್ತಿರ ಬರಲಿ, ನಾನೊಮ್ಮೆ ನೋಡಲಾ ಎಂದು ಕೇಳಲಿ. ಏನಾಗಿತ್ತು ಎಂದು ಮಾವ ಕೇಳಿದರೆ ಅಂಟು ಹಿಡಿದಿತ್ತು ಅನ್ನಲಿ. ಅದು ಸುಳ್ಳಲ್ಲ. ಅಲ್ಲಿಂದ ಟೇಲರ್ ಹತ್ತಿರವೇ, ಎಲ್ಲರೂ ಒಟ್ಟಿಗೆ ಹೋಗೋಣ. ಆ ತೋಟಾ ಇನ್ನೂ ಅವರ ಕೋಟಿನ ಜೇಬಿನಲ್ಲೇ ಇದೆ. ಮಗುವಿನ ಕಿವಿಗೆ ಹತ್ತಿ ನಾನು ತರುತ್ತೇನೆ.