ಗುಡ್ಡದ ಬಾಯಿ

ಮನೆಯಿಂದ,
ಮಾರ್ಚ್ ಹನ್ನೊಂದು, ಗುರುವಾರ ಬೆಳಗ್ಗೆ

ಪ್ರೀತಿಯ ತಮ್ಮಯ್ಯನಿಗೆ ಅಕ್ಕನ ಆಶೀರ್ವಾದ.

ನಿನ್ನ ಸೊಂಟನೋವು ಹೇಗಿದೆ? ಭಾರ ಎತ್ತಬೇಡ ಅಂದರೆ ನೀನು ಕೇಳುವವನಲ್ಲ. ಬಂದರಿನಲ್ಲಿ ಗುಮಾಸ್ತನಾದ ನಿನಗೆ ಪೆಟ್ಟಿಗೆ ಹೊರುವ ಕೆಲಸ ಯಾರು ಹೇಳಿದರೋ ಕಾಣೆ. ನಿನ್ನ ಹೆಂಡತಿಯ ಕೆಮ್ಮು ನಿಂತಿತೇ? ನಾನು ಚೆನ್ನಾಗಿದ್ದೇನೆ, ಮೊನ್ನೆ ಕೂತ ಕುರ್ಚಿಯ ಕಾಲು ಮುರಿಯಿತು, ಅಷ್ಟು ಚೆನ್ನಾಗಿದ್ದೇನೆ. ನನ್ನ ಹತ್ತಿರ ಓದಲು ಬಿಟ್ಟಿದ್ದೀಯಲ್ಲ ನಿನ್ನ ಮಗಳು ಗುಬ್ಬಿ, ಅವಳೂ ಕ್ಷೇಮ. ಇವತ್ತಿಗಂತೂ ಕ್ಷೇಮ. ಆ ಮಾತಿಗೇ ಈ ಕಾಗದ.

ಮನೆ ಹಿಂದಿನ ಗುಡ್ಡ ಅಗೆಯಲು ಅಜ್ಜಿಯ ಸ್ಮಾರಕ ಸಮಿತಿಗೆ ನೀನು ಸಹಿ ಹಾಕಿ ಕೊಟ್ಟೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟೆ, ಇಲ್ಲ ಅನ್ನುವುದಿಲ್ಲ. ಹೆಂಗಸು ಲೇಖನಿ ಹಿಡಿದರೆ ಮನೆ ಕೆಟ್ಟಿತು ಅನ್ನುತ್ತಿದ್ದ ಕಾಲದಲ್ಲಿ, ಒಲೆಯ ಮುಂದೆ ಕೂತು, ಗಂಡಸಿನ ಹೆಸರಿಟ್ಟುಕೊಂಡು ಕಥೆ ಬರೆದವಳು ಅವಳು. ಈಗಲಾದರೂ ಅವಳ ಹೆಸರಿನ ಒಂದು ಕಲ್ಲು ನಿಲ್ಲಲಿ ಅಂತ ನನಗೂ ಆಸೆಯಿತ್ತು. ಸಮಿತಿಯ ಮುಖಂಡರಾದ ನಿವೃತ್ತ ಮೇಷ್ಟ್ರ ಉತ್ಸಾಹ ನೋಡಬೇಕು ನೀನು. ಅಜ್ಜಿಯ ಕಥೆಗಳಲ್ಲಿ ಬರುವ ಜಾಗಗಳನ್ನೆಲ್ಲ ಹುಡುಕಿ ಫಲಕ ಹಾಕಿಸಿದ್ದಾರೆ. ಬಟ್ಟೆ ಒಗೆಯುವ ಬಂಡೆ, ತೊರೆ, ಎರಡಾಗಿ ಒಡೆಯುವ ಕಾಲುದಾರಿ, ಯಾವುದನ್ನೂ ಬಿಟ್ಟಿಲ್ಲ. ಉಳಿದದ್ದು ಒಂದೇ. ಅವಳ ಕೊನೆಯ ಕಥೆಯಲ್ಲಿ ‘ಗುಡ್ಡದ ಬಾವಿಯ ಹತ್ತಿರ ಮಕ್ಕಳನ್ನು ಬಿಡಬೇಡಿ, ಅದರ ಹಸಿವು ಇನ್ನೂ ಇಂಗಿಲ್ಲ’ ಅಂತ ಇದೆಯಲ್ಲ, ಆ ಬಾವಿ.

ಅಲ್ಲ ಕಣೋ, ಗುಡ್ಡದಲ್ಲಿ ಬಾವಿ ಎಲ್ಲಿತ್ತು? ಇದ್ದಿದ್ದರೆ ಅಮ್ಮ ಜನ್ಮವಿಡೀ ತೊರೆಯಿಂದ ಯಾಕೆ ನೀರು ಹೊರುತ್ತಿದ್ದಳು? ಅಜ್ಜಿ ಬರೆದದ್ದು ‘ಗುಡ್ಡದ ಬಾಯಿ’ ಅಂತ. ಅಚ್ಚುಮನೆಯಲ್ಲಿ ಕರಡು ತಿದ್ದುವವನು, ಪಾಪ ಓದುಬರಹ ಕಮ್ಮಿಯಿರಬೇಕು, ಬಾವಿಯನ್ನು ಆಡುಮಾತಿನಲ್ಲಿ ಬಾಯಿ ಅಂದುಬಿಟ್ಟಿದ್ದಾಳೆ ಎಂದುಕೊಂಡು ಉಪಕಾರ ಮಾಡಿದ. ಒಂದೇ ಅಕ್ಷರ. ಪುಸ್ತಕ ಕೈಗೆ ಬಂದ ದಿನ ಅಜ್ಜಿ, ‘ಪುಣ್ಯಾತ್ಮ ನನ್ನ ಬಾಯಿ ಮುಚ್ಚಿ ಬಾವಿ ತೋಡಿದ’ ಅಂದಳು. ಅಮ್ಮ, ನಾನು ಬಿದ್ದು ಬಿದ್ದು ನಕ್ಕೆವು. ಅವಳು ನಗಲಿಲ್ಲ. ನೀನಾಗ ತೊಟ್ಟಿಲಲ್ಲಿದ್ದೆ. ದೊಡ್ಡವನಾದ ಮೇಲೂ ನಿನ್ನನ್ನು ಅತ್ತ ಆಡಲು ಬಿಡುತ್ತಿರಲಿಲ್ಲ, ಹಾವಿದೆ ಅನ್ನುತ್ತಿದ್ದಳು, ನೆನಪಿದೆಯಾ? ಹಾವಲ್ಲ. ಅವಳ ಮಾವ ಆ ಗುಡ್ಡದ ಹೊಟ್ಟೆಯೊಳಗಿಂದ ಸುಣ್ಣದ ಕಲ್ಲು ತೆಗೆಸುತ್ತಿದ್ದರಂತೆ. ಒಂದು ದಿನ ಮೇಲಿನ ನೆಲ ಬಾಯಿ ತೆರೆದು, ಕಲ್ಲು ಹೊರುತ್ತಿದ್ದ ಹೆಣ್ಣುಮಕ್ಕಳನ್ನು ನುಂಗಿತು. ಮಾವ ಮರದ ದಿಮ್ಮಿ ಅಡ್ಡ ಹಾಕಿಸಿ, ಮೇಲೆ ಮಣ್ಣೆಳೆಸಿ, ಮನೆಯವರ ಬಾಯಿಯನ್ನೂ ಮುಚ್ಚಿಸಿದರು. ಇದನ್ನು ಅಜ್ಜಿ ಸಾಯುವ ಮೊದಲು ನನಗೊಬ್ಬಳಿಗೆ ಹೇಳಿದಳು. ಮನೆಯಲ್ಲಿ ಆಡಲಾಗದ್ದನ್ನು ಕಥೆ ಮಾಡಿ ಹೇಳಿದ್ದಳು, ಅದನ್ನೂ ತಿದ್ದಿಬಿಟ್ಟರು.

ಮೇಷ್ಟ್ರಿಗೆ ಎಲ್ಲ ಬಿಡಿಸಿ ಹೇಳಿದೆ. ಕೋಣನ ಮುಂದೆ ಕಿನ್ನರಿ. ಕೈಬರಹದ ಪ್ರತಿ ಇದೆಯಾ ಅಂದರು. ಅಚ್ಚುಮನೆಯವರು ಅದನ್ನು ವಾಪಸ್ ಕೊಟ್ಟಿದ್ದರೆ ತಾನೆ? ಅಚ್ಚಾದದ್ದೇ ಆಧಾರ, ನೆನಪು ಆಧಾರವಲ್ಲ ಅಂತ ನನಗೇ ಪಾಠ ಹೇಳಿ ಕಳಿಸಿದರು. ನಿನ್ನೆ ಹಾರೆ ಹಾಕಿದಾಗ ನೆಲ ಖಾಲಿ ಡಬ್ಬಿಯ ಹಾಗೆ ಸದ್ದು ಮಾಡಿತಂತೆ. ಬಾವಿ ಸಿಕ್ಕಿತು ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ದಿಮ್ಮಿಯೊಂದನ್ನು ಸರಿಸಿ ಕಲ್ಲು ಹಾಕಿ ನೋಡಿದರೆ ಬಿದ್ದ ಸದ್ದೇ ಬರಲಿಲ್ಲವಂತೆ. ಎಷ್ಟು ಆಳ ನೋಡಿ ಅಂತ ಅದಕ್ಕೂ ಖುಷಿ. ಇತ್ತ ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ. ಹಿತ್ತಲ ಗೋಡೆಯಲ್ಲಿ ನನ್ನ ಹೆಬ್ಬೆರಳು ಹಿಡಿಸುವಷ್ಟು ಬಿರುಕು ಬಿಟ್ಟಿದೆ, ಹೊರಗೆ ಎಲೆ ಅಲ್ಲಾಡದಿದ್ದರೂ ಅದರೊಳಗಿಂದ ತಣ್ಣನೆ ಗಾಳಿ ಬರುತ್ತದೆ. ಬೆಕ್ಕು ಹಿತ್ತಲಿಗೆ ಕಾಲಿಡುವುದು ಬಿಟ್ಟಿದೆ. ನನಗೆ ಭಯವಾಗುತ್ತಿದೆ.

ಭಾನುವಾರ ಹಗ್ಗ ಕಟ್ಟಿ ಒಬ್ಬರನ್ನು ಒಳಗಿಳಿಸುತ್ತಾರೆ. ಯಾರನ್ನು ಗೊತ್ತಾ? ನಮ್ಮ ಗುಬ್ಬಿಯನ್ನು. ಹಗುರವಾಗಿದ್ದಾಳೆ, ಸಾಲದ್ದಕ್ಕೆ ಬರೆದವಳ ಮರಿಮೊಮ್ಮಗಳು. ಅವಳೂ ಕುಣಿಯುತ್ತಿದ್ದಾಳೆ. ಬೇಡ ಅಂದರೆ, ‘ಅತ್ತೆ, ಮುತ್ತಜ್ಜಿ ಕಂಡಿದ್ದನ್ನ ನಾನೂ ಕಾಣಬೇಡವಾ?’ ಅನ್ನುತ್ತಾಳೆ. ಅದನ್ನು ಇನ್ಯಾರೂ ಕಾಣಬಾರದು ಅಂತಲೇ ಅವಳು ಬರೆದದ್ದು, ಈ ಹುಡುಗಿಗೆ ಹೇಗೆ ಹೇಳಲಿ? ಇಲ್ಲಿ ನನ್ನ ಮಾತು ನಡೆಯುವುದಿಲ್ಲ. ಜಾಗ ನಿನ್ನದು, ಸಹಿ ನಿನ್ನದು, ಮಗಳು ನಿನ್ನವಳು. ಕೆಲಸ ನಿಲ್ಲಿಸಿ ಅಂತ ಮೇಷ್ಟ್ರಿಗೆ ಒಂದು ತಂತಿ ಕೊಡು. ಶನಿವಾರ ಸಂಜೆಯೊಳಗೆ ಬಂದರೂ ಸಾಕು.

ನಿನ್ನ ಹೆಂಡತಿಗೆ ಬಿಸಿನೀರನ್ನೇ ಕುಡಿಯಲು ಹೇಳು. ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೋ. ಇಬ್ಬರೂ ನೂರು ಕಾಲ ಚೆನ್ನಾಗಿ ಬಾಳಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗುಬ್ಬಿ ಅಟ್ಟದ ಹಗ್ಗ ಇಳಿಸಿಕೊಂಡು ಓಡಿದಳು. ಪತ್ರಿಕೆಯವರು ಇವತ್ತೇ ಬಂದಿದ್ದಾರಂತೆ, ಭಾನುವಾರದವರೆಗೆ ಕಾಯುವುದಿಲ್ಲವಂತೆ. ಇನ್ನು ನಿನ್ನ ತಂತಿ ನೆಚ್ಚಿ ಕೂತರೆ ಆಗದು. ಅಂಚೆಯವನ ಕೈಗೆ ಇದನ್ನು ಕೊಟ್ಟು ನಾನು ಗುಡ್ಡಕ್ಕೆ ಹೊರಟೆ, ಅದರ ಬಾಯಿಗೆ ಅಡ್ಡ ಕೂತುಬಿಡುತ್ತೇನೆ. ನನ್ನನ್ನು ಎತ್ತಿ ಪಕ್ಕಕ್ಕಿಡುವ ಗಂಡು ಆ ಸಮಿತಿಯಲ್ಲಿಲ್ಲ. ದಿಮ್ಮಿಗಳು ನನ್ನ ಭಾರ ತಡೆದರೆ ಸಂಜೆ ಇನ್ನೊಂದು ಕಾಗದ ಹಾಕುತ್ತೇನೆ. ಅದು ಬರದಿದ್ದರೆ, ಅಜ್ಜಿಯ ಕಲ್ಲಿನ ಮೇಲೆ ‘ಬಾಯಿ’ ಅಂತಲೇ ಕೆತ್ತಿಸು. ಕರಡು ನೀನೇ ನೋಡು.