ನಾಲ್ಕನೆಯ ಉತ್ತರ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಇಡೀ ದಿನ ಬಗ್ಗಿ ಕೂತು ಕಟ್ಟುಹಲ್ಲುಗಳನ್ನು ಉಜ್ಜಿ ನುಣುಪು ಮಾಡುವ ಕೆಲಸದಲ್ಲಿ ಸೊಂಟ ಹಿಡಿಯದೆ ಇನ್ನೇನಾಗುತ್ತದೆ ಎಂದು ನಿನ್ನ ಚಿಕ್ಕಮ್ಮ ಹೇಳಿದಳು. ಎತ್ತರದ ಕುರ್ಚಿ ಹಾಕಿಕೊಟ್ಟಿದ್ದಾರಂತೆ, ಒಳ್ಳೆಯದಾಯಿತು. ಅಳಿಯಂದಿರು, ಮಗು ಚೆನ್ನಾಗಿದ್ದಾರೆಯೇ? ನಿನ್ನ ಸುದ್ದಿಯೆಲ್ಲ ನನಗೆ ಚಿಕ್ಕಮ್ಮನ ಬಾಯಿಂದಲೇ ಬರಬೇಕು. ಅವಳು ಅರ್ಧ ಹೇಳಿ ಅರ್ಧ ನುಂಗುತ್ತಾಳೆ. ನುಂಗಲಿ, ನೀನೇ ಹಾಗೆ ಹೇಳಿರುತ್ತೀಯ. ನಾನು ಪರವಾಗಿಲ್ಲ. ಹೋದ ತಿಂಗಳು ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ಈಗ ಅಕ್ಷರಗಳು ಎಷ್ಟು ಚೊಕ್ಕ ಕಾಣುತ್ತವೆಂದರೆ ಇಪ್ಪತ್ತೆಂಟು ವರ್ಷದ ಹಿಂದಿನ ನನ್ನ ಸ್ವಂತ ಕೈಬರಹವನ್ನೂ ಓದಬಲ್ಲೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ. ಅಂದಹಾಗೆ, ನಿನ್ನಪ್ಪ ಕರೆಯುತ್ತಿದ್ದಂತೆ ನಿನ್ನನ್ನು ಗುಬ್ಬಿ ಎಂದು ಕರೆದು ಈ ಪತ್ರ ಶುರುಮಾಡಬೇಕೆಂದಿದ್ದೆ. ಎರಡು ಹಾಳೆ ಹರಿದು ಹಾಕಿದೆ. ಅದು ಅವರ ಮುದ್ದಿನ ಹೆಸರು. ಅವರಿದ್ದಾಗಲೂ ನಾನದನ್ನು ಬಳಸಿದವಳಲ್ಲ.

ಶೂ ಅಂಗಡಿಯ ಮೇಲಿನ ಅನುವಾದ ಕಚೇರಿ ನಿನಗೆ ನೆನಪಿರಬೇಕು. ಶಾಲೆ ಬಿಟ್ಟ ಮೇಲೆ ನೀನು ಅಲ್ಲಿಗೇ ಬರುತ್ತಿದ್ದೆ. ನಾನು ಉದ್ದನೆಯ ಮೇಜಿನ ಒಂದು ತುದಿಯಲ್ಲಿ, ಹೀಬ್ರೂ ಮೇಷ್ಟ್ರು ಇನ್ನೊಂದು ತುದಿಯಲ್ಲಿ, ನೀನು ನಿಘಂಟುಗಳ ಕಪಾಟಿಗೆ ಒರಗಿ ಹೋಂವರ್ಕ್ ಮಾಡುತ್ತ. ಮಕ್ಕಳಿಗೂ ಹೊಸದಾಗಿ ಓದು ಕಲಿತವರಿಗೂ ಎಂದು ನಾವಲ್ಲಿ ಮಾಡಿದ ಸರಳ ಭಾಷೆಯ ಬೈಬಲ್ಲನ್ನು ಈಗ ಪರಿಷ್ಕರಿಸುತ್ತಿದ್ದಾರೆ. ಮೇಷ್ಟ್ರು ತೀರಿಹೋಗಿ ಹತ್ತು ವರ್ಷವಾಯಿತು. ಹಳೆಯ ತಂಡದಲ್ಲಿ ಉಳಿದವಳು ನಾನೊಬ್ಬಳೇ ಎಂದು ನನ್ನನ್ನೂ ಸಮಿತಿಗೆ ಕರೆದರು. ನನಗೆ ಜಂಬವೂ ಆಯಿತು, ಸುಳ್ಳೇಕೆ ಹೇಳಲಿ. ಇಸ್ತ್ರಿ ಮಾಡಿದ ಸೀರೆ ಉಟ್ಟು ಮೊದಲ ದಿನವೇ ಹತ್ತು ನಿಮಿಷ ಮುಂಚೆ ಹೋಗಿ ಕೂತೆ.

ಒಂದು ಪದದ ವಿಷಯ ನಿನಗೆ ಹೇಳಬೇಕು. ದೇವರ ಮುಂದೆ ಮನುಷ್ಯ ಹೇಗಿರಬೇಕು ಎಂದು ಹೇಳುವಲ್ಲೆಲ್ಲ ಮೂಲದಲ್ಲಿ ಒಂದು ಮಾತು ಬರುತ್ತದೆ. ಕಾಲು ನಡುಗುವುದೂ ಅದೇ, ಬಹಳ ದೊಡ್ಡದೇನನ್ನೋ ಕಂಡು ಮಾತು ನಿಂತು ಹೋಗುವುದೂ ಅದೇ ಎಂದು ಮೇಷ್ಟ್ರು ವಿವರಿಸುತ್ತಿದ್ದರು. ಹಿಂದಿನವರು ಭಯಭಕ್ತಿ ಎಂದು ಎರಡನ್ನೂ ಕಟ್ಟಿ ಕೊಟ್ಟಿದ್ದರು. ಮಕ್ಕಳಿಗೆ ಅದು ಭಾರ, ಬಿಡಿಸಬೇಕಿತ್ತು. ಬಿಡಿಸಿದರೆ ಒಂದು ಕೈಗೆ ಸಿಗುತ್ತದೆ, ಇನ್ನೊಂದು ಜಾರಿಹೋಗುತ್ತದೆ. ಮೇಷ್ಟ್ರು 'ತಲೆಬಾಗಿ ನಡೆ' ಅಂದರು. ನಾನು 'ಹೆದರಿ ನಡೆ' ಅಂದೆ. "ಮೇಷ್ಟ್ರೇ, ಹೆದರಿಕೆ ಇಲ್ಲದೆ ಯಾವ ಮಗು ದಾರಿಗೆ ಬಂದಿದೆ ಹೇಳಿ" ಎಂದು ವಾದಿಸಿದೆ. ಇನ್ನೊಂದು ಕಡೆಯೂ ಹೀಗೇ ಮಾಡಿದೆ. ಮೂಲದಲ್ಲಿ, ಕಿವಿಗೊಡುವುದಕ್ಕೂ ಹೇಳಿದಂತೆ ನಡೆಯುವುದಕ್ಕೂ ಒಂದೇ ಕ್ರಿಯಾಪದ. ನಮ್ಮ ಭಾಷೆಯ 'ಕೇಳು' ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಮೇಷ್ಟ್ರಿಗೆ ಖುಷಿಯೋ ಖುಷಿ. ನಾನು ಅದನ್ನು ಹೊಡೆದು 'ವಿಧೇಯರಾಗಿರಿ' ಎಂದು ಬರೆದೆ. ಕೇಳು ಎಂದರೆ ಪ್ರಶ್ನೆ ಕೇಳು ಎಂದೂ ಆಗುತ್ತದಲ್ಲ, ನನಗೆ ಅದೇ ಇಷ್ಟವಾಗಲಿಲ್ಲ. ನಿನ್ನಪ್ಪ ತೀರಿಹೋಗಿ ಆಗ ಎರಡು ವರ್ಷವಾಗಿತ್ತು. ಗಂಡು ದಿಕ್ಕಿಲ್ಲದ ಮನೆಯಲ್ಲಿ ಮಗಳು ಕೈಮೀರಿ ಹೋದಳು ಅನ್ನಿಸಿಕೊಳ್ಳಬಾರದೆಂಬ ಒಂದೇ ಚಿಂತೆ ನನಗೆ. ನೆಪ ಹೇಳುತ್ತಿಲ್ಲ. ಹೆಚ್ಚು ಹೆದರಿದ್ದವಳು ನಾನು, ಆ ಹೆದರಿಕೆಯನ್ನು ದೇವರ ಬಾಯಿಗೆ ಹಾಕಿದೆ, ಅಷ್ಟೆ.

ವಾದ ಬಗೆಹರಿಯದಿದ್ದಾಗ ಒಂದು ಪದ್ಧತಿಯಿತ್ತು. ಕರಡನ್ನು ಅದುವರೆಗೆ ಓದದ ಯಾರಿಗಾದರೂ ಓದಿ ಹೇಳಿ, "ನಿಮಗೆ ಏನು ಅರ್ಥ ಆಯ್ತು?" ಎಂದು ಕೇಳಬೇಕು. ಅವರು ಏನು ಹೇಳಿದರೂ ಒಂದಕ್ಷರ ತಿದ್ದದೆ ಹಾಳೆಯಲ್ಲಿ ಬರೆಯಬೇಕು. ಸುಳಿವು ಕೊಡಬಾರದು, ಎರಡನೆಯ ಸಲ ಕೇಳಬಾರದು. ಅಂಥ ಹಾಳೆಗಳ ಕಟ್ಟು ಇನ್ನೂ ಕಚೇರಿಯಲ್ಲಿದೆ. ಹೊಸ ತಂಡದಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗಿ ಇದ್ದಾಳೆ. ಭಾಷಾಶಾಸ್ತ್ರ ಓದಿದವಳು, ಚುರುಕು. 'ಹೆದರಿ ನಡೆ' ಬದಲಾಗಬೇಕು ಎಂದು ಅವಳೇ ವಿಷಯ ಎತ್ತಿದ್ದು. ಎತ್ತಿದವಳೇ ಕಟ್ಟು ಬಿಚ್ಚಿ ಒಂದು ಹಾಳೆ ಹಿಡಿದು, "ಆದ್ರೆ ಇದು ನನ್ನ ವಾದಕ್ಕೆ ವಿರುದ್ಧವಾಗಿದೆ, ಓದಲೇಬೇಕು" ಅಂದಳು. ಪ್ರಾಮಾಣಿಕಳು. ಓದಿದಳು: ಹುಡುಗಿ, ಹನ್ನೊಂದು ವರ್ಷ. ಉತ್ತರ, 'ಅಮ್ಮನ ಮೇಲಿರೋ ಥರ ದೇವರ ಮೇಲೆ ಗೌರವ ಇಟ್ಕೋಬೇಕು.' ಅಧ್ಯಕ್ಷರಾದ ಪಾದ್ರಿಗಳು ಮೇಜು ತಟ್ಟಿ, "ನೋಡಿ, ಮಗುವಿಗೇ ಗೊತ್ತಾಗಿದೆ. ಪದ ಇರಲಿ ಬಿಡಿ" ಅಂದರು. ಹಾಳೆ ಕೈಯಿಂದ ಕೈಗೆ ದಾಟಿ ನನ್ನ ಮುಂದೆ ಬಂತು. ನನ್ನ ಕೈಬರಹ. ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದೆ.

ಆ ಹಾಳೆ ಬರೆದ ದಿನ ನಿನಗೆ ನೆನಪಿದೆಯೋ ಇಲ್ಲವೋ. ನೆನಪಿಲ್ಲದಿರಲಿ ಎಂದು ಒಂದು ಮನಸ್ಸು, ಇದ್ದರೆ ನನ್ನ ಮಾತು ಸುಳ್ಳಲ್ಲ ಎಂದಾದರೂ ತಿಳಿಯುತ್ತದಲ್ಲ ಎಂದು ಇನ್ನೊಂದು. ಈಗ ನಾನು ಕೂತಿರುವ ಈ ಮೇಜಿನಲ್ಲೇ ನಿನ್ನನ್ನು ಕೂರಿಸಿಕೊಂಡಿದ್ದೆ. ನೀನು ಯೂನಿಫಾರಂ ಕೂಡ ಬಿಚ್ಚಿರಲಿಲ್ಲ. ವಾಕ್ಯ ಓದಿ, ಹೆದರಿ ನಡೆಯೋದು ಅಂದ್ರೆ ಏನು ಅಂತ ಕೇಳಿದೆ. ನೀನು ಪೆನ್ಸಿಲ್ಲಿನ ತುದಿ ಕಚ್ಚುತ್ತ, ಏನೂ ಕೆಟ್ಟ ಉದ್ದೇಶವಿಲ್ಲದೆ, ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದೆ: "ನಿನ್ನ ಚಪ್ಪಲಿ ಶಬ್ದ ಕೇಳಿದ ತಕ್ಷಣ ನಾನೇನು ತಪ್ಪು ಮಾಡಿದೀನಿ ಅಂತ ಹುಡುಕ್ತೀನಲ್ಲ, ಹಾಗೆ." ನನ್ನ ಪೆನ್ನು ಅಲ್ಲೇ ನಿಂತಿತು. "ಸರಿಯಾಗಿ ಯೋಚಿಸಿ ಹೇಳು" ಅಂದೆ. "ಬಚ್ಚಿಟ್ಕೋಬೇಕು ಅನ್ಸುತ್ತೆ" ಅಂದೆ ನೀನು. ಮತ್ತೆ ಕೇಳಿದೆ. ಈ ಸಲ ನನ್ನ ಧ್ವನಿ ಬದಲಾಗಿತ್ತು. ನೀನು, "ಗೊತ್ತಿಲ್ಲಮ್ಮ" ಅಂದೆ. ಹೊಡೆಯಲಿಲ್ಲ. ಕೈ ಎತ್ತಲೂ ಇಲ್ಲ. ಸುಮ್ಮನೆ ನಿನ್ನನ್ನೇ ನೋಡುತ್ತ ಕೂತೆ. ಹೊಡೆತಕ್ಕಿಂತ ಆ ನೋಟಕ್ಕೆ ನೀನು ಬೇಗ ಬಗ್ಗುತ್ತೀಯ ಎಂದು ನನಗೆ ಗೊತ್ತಿತ್ತು. ನಾಲ್ಕನೆಯ ಸಲ ನೀನು ಹೇಳಿದ್ದನ್ನು ಬರೆದುಕೊಂಡು, "ಜಾಣೆ" ಎಂದು ತಲೆ ಸವರಿದೆ. ನೀನು ಹೇಳಿದ್ದನ್ನೇ ಬರೆದಿದ್ದೇನೆ, ಒಂದಕ್ಷರ ತಿದ್ದಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದೆ. ಮಾತು ನಿಜವೇ. ಅದಕ್ಕಿಂತ ದೊಡ್ಡ ಸುಳ್ಳು ನಾನು ಬರೆದಿಲ್ಲ.

ಮೇಷ್ಟ್ರು ಆ ಹಾಳೆ ನೋಡಿ ಸೋತರು. "ಮಗುವೇ ಹೇಳಿದ ಮೇಲೆ ನಾನ್ಯಾರು" ಎಂದು ನಕ್ಕು ತಮ್ಮ ಕರಡನ್ನು ಹಿಂದಕ್ಕೆ ತೆಗೆದುಕೊಂಡರು. ಪುಸ್ತಕ ಮೂರು ಸಲ ಅಚ್ಚಾಯಿತು. ಎಷ್ಟು ಮನೆಗಳಲ್ಲಿ ಎಂಥೆಂಥ ಕೈಗಳು ಅದನ್ನು ತೆರೆದು, ಎದುರಿಗೆ ಮಗುವನ್ನು ನಿಲ್ಲಿಸಿಕೊಂಡು ಆ ವಾಕ್ಯ ಓದಿದವೋ ನನಗೆ ಗೊತ್ತಿಲ್ಲ. ಒಂದು ಮನೆ ಮಾತ್ರ ಚೆನ್ನಾಗಿ ಗೊತ್ತು.

ಇಷ್ಟೆಲ್ಲ ನೆನಪಾದರೂ, ಹಾಳೆ ನನ್ನ ಮುಂದೆ ಬಂದ ದಿನ ಸಭೆಯಲ್ಲಿ ನಾನು ತುಟಿ ಬಿಚ್ಚಲಿಲ್ಲ. ಅದನ್ನೂ ನಿನಗೆ ಹೇಳಬೇಕು. ಕನ್ನಡಕದ ಹುಡುಗಿ, "ಇಷ್ಟು ಚೆನ್ನಾಗಿ ಹೇಳಿದ ಮಗು ಯಾರೋ" ಅಂದಾಗ ಮುಗುಳ್ನಕ್ಕು ನೀರು ಕುಡಿದೆ. ಕೊನೆಗೆ, ಹೊಸದಾಗಿ ನಾಲ್ಕು ಜನಕ್ಕೆ ಓದಿ ಕೇಳೋಣ, ಆಮೇಲೆ ಮತ ಹಾಕೋಣ ಎಂದು ತೀರ್ಮಾನವಾಯಿತು. ನನ್ನ ಪಾಲಿಗೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಬಂತು. ನೆಲಮಾಳಿಗೆಯಲ್ಲಿ ಬಿಸಿ ಹಬೆ, ಯಂತ್ರಗಳ ಸದ್ದು. ಅಲ್ಲಿ ಹಾಸಿಗೆಯ ಬಟ್ಟೆಗಳನ್ನು ಮಡಚುವ ಹೆಂಗಸೊಬ್ಬಳು, ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು, ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಏನು ಅರ್ಥವಾಯಿತು ಎಂದು ಕೇಳಿದೆ. "ಹೆದರೋದು ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ ಮೇಡಂ. ಮೊದಲು ಅಪ್ಪಂಗೆ, ಆಮೇಲೆ ಗಂಡಂಗೆ, ಈಗ ಇಲ್ಲಿನ ಸೂಪರ್ವೈಸರ್‌ಗೆ. ಅದೆಲ್ಲ ಚೆನ್ನಾಗಿ ಬರುತ್ತೆ. ಹತ್ತಿರ ಹೋಗೋದು ಹೇಗೆ ಅಂತ ಆ ಪುಸ್ತಕದಲ್ಲಿ ಎಲ್ಲಾದ್ರೂ ಇದ್ರೆ ಅದನ್ನ ಓದಿ, ಕೇಳ್ತೀನಿ" ಅಂದಳು. ಮಡಚಿದ ಬಟ್ಟೆಗಳ ಗುಡ್ಡೆಯ ಮೇಲೇ ಹಾಳೆ ಇಟ್ಟುಕೊಂಡು ಅವಳು ಅಂದದ್ದನ್ನು ಅಂದ ಹಾಗೆಯೇ ಬರೆದುಕೊಂಡೆ. ಎರಡು ಕಡೆ ಒತ್ತಕ್ಷರ ತಪ್ಪಿತು.

ಮುಂದಿನ ಸಭೆಯಲ್ಲಿ ಅವಳ ಹಾಳೆ ಓದಿದೆ. ಓದಿ ಕೂರಲು ಆಗಲಿಲ್ಲ. ನಿಂತೇ ಹೇಳಿದೆ: "ಹೋದ ಸಲ ಓದಿದ ಹಾಳೆಯ ಮಗು ನನ್ನ ಮಗಳು. ಅದು ಅವಳ ನಾಲ್ಕನೇ ಉತ್ತರ. ಮೊದಲ ಮೂರು ನಾನು ಬರೀಲಿಲ್ಲ. ನಾಲ್ಕನೇದು ನನಗೆ ಹೆದರಿ ಹೇಳಿದ್ದು." ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು. ಪಾದ್ರಿಗಳು ಮೊದಲು ಕೆಮ್ಮಿದರು. ಆಮೇಲೆ, "ಅಷ್ಟು ಹಳೇದನ್ನ ಈಗ ಯಾಕೆ ಕೆದಕ್ತೀರಿ? ಒಂದು ಹಾಳೆ ತಾನೆ, ಪಕ್ಕಕ್ಕಿಟ್ಟರಾಯ್ತು" ಅಂದರು. ಕರುಣೆಯಿಂದಲೇ ಅಂದರು. ಆ ಕರುಣೆ ಹಿಡಿದು ಕೂತುಬಿಡಬಹುದಿತ್ತು. ಕನ್ನಡಕದ ಹುಡುಗಿ ಮಾತ್ರ ಸಮಾಧಾನ ಹೇಳಲಿಲ್ಲ. ಹೊಸ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, "ಆ ಮೂರು ನಿಮಗೆ ನೆನಪಿದೆಯಾ?" ಅಂದಳು. ಒಂದೊಂದಾಗಿ ಹೇಳಿದೆ. ಅವಳು ಬರೆದಳು. ಆ ಕೋಣೆಯಲ್ಲಿ ನಾನು ಮೂವತ್ತು ವರ್ಷ ಗೌರವದ ಕುರ್ಚಿಯಲ್ಲಿ ಕೂತವಳು. ಅವತ್ತು ಕುರ್ಚಿ ಎಲ್ಲಿದೆ ಎಂದು ಕೈಯಿಂದ ತಡವಿ ಕೂರಬೇಕಾಯಿತು.

ಮತ ಹಾಕಿದರು. 'ಹೆದರಿ ನಡೆ' ಬಹುಪಾಲು ಕಡೆ ಹೋಯಿತು, ಮೇಷ್ಟ್ರ 'ತಲೆಬಾಗಿ ನಡೆ' ಬಂತು. ನಿಜವಾಗಿಯೂ ಜನ ನಡುಗಿ ನಿಂತ ಸಂದರ್ಭಗಳಲ್ಲಿ ಹಾಗೇ ಉಳಿದಿದೆ, ಅಲ್ಲಿ ಅದೇ ಸರಿ. 'ವಿಧೇಯರಾಗಿರಿ' ಮಾತ್ರ ಅಲುಗಲಿಲ್ಲ. ಜನಕ್ಕೆ ರೂಢಿಯಾಗಿಬಿಟ್ಟಿದೆ ಎಂದು ಪಾದ್ರಿಗಳು ಒಪ್ಪಲಿಲ್ಲ. 'ಕೇಳು' ಎಂಬುದು ಪುಟದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಯಾಗಿ ಬರುತ್ತದೆ. ಮಕ್ಕಳು ಟಿಪ್ಪಣಿ ಓದುವುದಿಲ್ಲ. ಮೊನ್ನೆ ಪಾದ್ರಿಗಳು ಮನೆಗೇ ಬಂದು, "ನೀವಿನ್ನು ವಿಶ್ರಾಂತಿ ತಗೊಳ್ಳಿ" ಎಂದು ನಯವಾಗಿ ಹೇಳಿ ಹೋದರು. ತಪ್ಪೇನಿಲ್ಲ. ನಾನು ಕೂತಿದ್ದರೆ ಇನ್ನು ಯಾವ ಹಾಳೆಯನ್ನು ಅವರು ನಂಬಬೇಕು?

ಆರು ವರ್ಷದ ಹಿಂದೆ ಮಗು ಹಾಲಿನ ಲೋಟ ಬೀಳಿಸಿದಾಗ ನಾನು ಸೌಟು ಎತ್ತಿದೆ, ಅದೇ ವಾಕ್ಯವನ್ನು ನನ್ನದೇ ಪದದಲ್ಲಿ ಹೇಳುತ್ತ. ಅವಳಿಗೆ ಎರಡು ವರ್ಷ. ನೀನು ಅವಳನ್ನು ಎತ್ತಿಕೊಂಡು ಹೊರಟೆ. ನೆಲದ ಹಾಲು ಒರೆಸುತ್ತ, ಎಷ್ಟು ಸೊಕ್ಕು ಇವಳಿಗೆ ಅಂದುಕೊಂಡೆ. ಅಲ್ಲಿಂದೀಚೆ ನೀನು ಈ ಮನೆಗೆ ಬಂದಿಲ್ಲ. ಚರ್ಚಿನಲ್ಲಿ ಯಾರು ಕೇಳಿದರೂ, ಮಗಳಿಗೆ ಕೆಲಸ ಜಾಸ್ತಿ, ಬರಲು ಆಗುವುದಿಲ್ಲ ಎನ್ನುತ್ತಿದ್ದೆ. ಇವತ್ತು ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಪಕ್ಕದ ಬೆಂಚಿನ ಹಳೇ ಗೆಳತಿ ಎಂದಿನಂತೆ ನಿನ್ನ ಬಗ್ಗೆ ಕೇಳಿದಳು. "ನನ್ನಿಂದ ಬರೋದು ಬಿಟ್ಟಳು" ಅಂದೆ. ಅವಳು, ಪಾಪ, ಚೀಲದ ಜಿಪ್ಪು ಎಳೆಯುತ್ತ ನಿಂತಳು. ಅಲ್ಲಿಂದ ಸೀದಾ ಬಂದು ಈ ಪತ್ರಕ್ಕೆ ಕೂತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ. ನಾನು ಕೇಳಿದ್ದನ್ನು ಕೊಟ್ಟು ನಿನಗೆ ಅಭ್ಯಾಸವಾಗಿದೆ. ಉತ್ತರ ಬರೆಯಬೇಕೆಂದೂ ಇಲ್ಲ. ಸೊಂಟಕ್ಕೆ ಬಿಸಿ ನೀರಿನ ಚೀಲ ಇಟ್ಟುಕೋ, ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ನಿಮ್ಮ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ನಿದ್ದೆ ಮಾಡುವಂತಾಗಲಿ. ಆಶೀರ್ವಾದ ಎಂಬ ಪದ ಬರೆಯಲು ಇವತ್ತು ನನಗೆ ಧೈರ್ಯ ಸಾಲದು, ಅದಕ್ಕೇ ಅದರ ಅರ್ಥ ಮಾತ್ರ ಬರೆದಿದ್ದೇನೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಪತ್ರದುದ್ದಕ್ಕೂ ತಪ್ಪಿಸಿಕೊಂಡು ಬಂದೆ. ಚಿಕ್ಕಮ್ಮ ನಿಮ್ಮಲ್ಲಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾಳೆ, ಅವಳ ಕೈಯಲ್ಲೇ ಕೊಡುತ್ತಿದ್ದೇನೆ, ಅದಕ್ಕೆ ಅವಸರ. "ಅಜ್ಜಿ ನಿನ್ನನ್ನ ಹೊಡೀತಿದ್ರಾ?" ಎಂದು ಮಗು ಕೇಳಿದಳಂತೆ, ನೀನು ಸುಮ್ಮನಾದೆಯಂತೆ. ನನ್ನ ಮರ್ಯಾದೆ ಉಳಿಸಬೇಡ. ಹೌದು ಎಂದು ಹೇಳು. 'ನನ್ನ ಒಳ್ಳೇದಕ್ಕೆ' ಎಂದು ಸೇರಿಸಬೇಡ. ಹಾಗೆ ಸೇರಿಸಿ ಹೇಳುವುದನ್ನು ನಿನಗೆ ಕಲಿಸಿದವಳು ನಾನೇ.